ಬೋಲ್ಟಿನ ಕೆಳಗಿನ ಬಣ್ಣ

"ಮೇಸ್ತ್ರಿ, ಇವತ್ತು ಎರಡರಲ್ಲಿ ಒಂದು ತೀರ್ಮಾನ ಆಗ್ಬೇಕು. ಒಂದೋ ನಿಮಗೆ ಕೆಲಸ ಬರಲ್ಲ ಅಂತ ಹೇಳಿ, ಇಲ್ಲ ನಿಮ್ಮ ಬಾಮೈದನೇ ಕಾರಿನ ವೈರು ಕತ್ತರಿಸಿದಾನೆ ಅಂತ ಹೇಳಿ. ನಾಳೆ ಬೆಳಿಗ್ಗೆ ನಾನು ಪೊಲೀಸ್ ಸ್ಟೇಷನ್ನಿಗೆ ಹೋಗೋಳೇ."

ಟೀಚರಮ್ಮ ಹೀಗೆಂದು ಕಾರಿನ ಬೀಗದ ಕೈಯನ್ನು ಮೇಜಿನ ಮೇಲೆ ಕುಕ್ಕಿದಾಗ ಗ್ಯಾರೇಜಿನ ಮೇಸ್ತ್ರಿ ಇನ್ನೊಂದು ಗಾಡಿಯ ಹೊಟ್ಟೆಯ ಕೆಳಗೆ ಮಲಗಿದ್ದ. ಆ ಮಾತು ಕೇಳಿ ಅವನಿಗೆ ಎದ್ದು ಬರಲು ಮನಸ್ಸೇ ಆಗಲಿಲ್ಲ. ಆದರೂ ಬಂದ. ಮುಖ ಒರೆಸಿಕೊಂಡ. ಒರೆಸಿಕೊಂಡ ಬಟ್ಟೆ ಮುಖಕ್ಕಿಂತ ಕೊಳೆಯಾಗಿತ್ತು.

ಆ ಹಳೆಯ ಕಾರು ಅವನ ಪಾಲಿಗೆ ಶನಿಯಾಗಿತ್ತು. ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತುತ್ತದೆ. ಎಂಜಿನ್ ಜಗ್ಗಿ ಜಗ್ಗಿ ಓಡುತ್ತದೆ. ಸ್ಕ್ಯಾನರ್ ಚುಚ್ಚಿ ನೋಡಿದರೆ ಒಂದು ಸಲ ಹೊಗೆ ಕೊಳವೆಯ ಸೆನ್ಸರ್ ಕೆಟ್ಟಿದೆ ಎಂಬ ಕೋಡ್ ಬರುತ್ತದೆ. ಅದನ್ನು ಬದಲಾಯಿಸಿದರೆ ಮುಂದಿನ ಸಲ ಥ್ರಾಟಲ್ಲಿನ ಕೋಡ್, ಅದಾದ ಮೇಲೆ ಚಕ್ರದ ಸೆನ್ಸರಿನದು. ಬ್ಯಾಟರಿಯೂ ಬದಲಾಯಿತು. ಕೋಡ್ ಅಳಿಸಿ, ಗ್ಯಾರೇಜಿನಲ್ಲೇ ಹಗಲು ಪೂರ್ತಿ ಓಡಿಸಿ ನೋಡಿದರೆ ಕಾರು ಹಸುಗೂಸಿನಂತೆ ಸುಮ್ಮನಿರುತ್ತದೆ. ಟೀಚರಮ್ಮ ಸಂಜೆ ಮನೆಗೆ ಹೊರಟರೆ ದಾರಿಯಲ್ಲಿ ಮತ್ತೆ ಅದೇ ದೀಪ. ಹೋದ ವಾರ ನಾಲ್ಕು ರಸ್ತೆ ಕೂಡುವಲ್ಲಿ ನಿಂತೇ ಬಿಟ್ಟಿತ್ತು. ಹಿಂದಿನ ಬಸ್ಸಿನವನು ಬಾಯಿಗೆ ಬಂದಂತೆ ಬೈದಿದ್ದ.

"ಅಪ್ಪ ಸಾಯೋ ಮುಂಚೆ ಕೊಟ್ಟ ಕಾರು ಮೇಸ್ತ್ರಿ," ಎಂದರು ಟೀಚರಮ್ಮ ದನಿ ಇಳಿಸಿ. "ನಮ್ಮನೆಯವರು ಗುಜರಿಗೆ ಹಾಕು ಅಂತ ದಿನಾ ತಲೆ ತಿಂತಾರೆ. ನಾನು ಹಾಕಲ್ಲ. ಇದನ್ನ ಹಾಳು ಮಾಡಿದವರನ್ನ ಬಿಡೋದೂ ಇಲ್ಲ."

ಕಾರಿನ ಎಡಬಾಗಿಲು ತೆರೆದು ಅವರ ಮೈದುನ ಇಳಿದ. ಉಕ್ಕಿನ ಬೀರು ಮಾಡುವ ಕೆಲಸದವನು. ಉಗುರಿನ ಸಂದಿಯಲ್ಲಿ ತಗಡಿಗೆ ಮೊದಲು ಬಳಿಯುವ ಕೆಂಪು ಪ್ರೈಮರ್ ಕೂತು ಹೋಗಿತ್ತು. ಎಲ್ಲರೂ ಅವನನ್ನು ಬೀರಿನವನು ಎಂದೇ ಕರೆಯುತ್ತಿದ್ದರು.

"ಗಾಡೀನ ಸ್ವಲ್ಪ ನೆರಳಿಗೆ ಹಾಕ್ತೀರಾ?" ಎಂದು ಮೇಸ್ತ್ರಿ ಕೀಲಿ ಅವನತ್ತ ಚಾಚಿದ.

"ಅಯ್ಯೋ, ನನ್ನ ಕೈಗೆ ಕೊಡಬೇಡಿ ಮಾರಾಯ್ರೆ! ನಾನು ಸ್ಟೇರಿಂಗ್ ಹಿಡಿದ್ರೆ ಗೋಡೆನೇ ಎದ್ದು ಬಂದು ತಬ್ಬಿಕೊಳ್ಳುತ್ತೆ. ಸೈಕಲ್ ಬಿಟ್ಟು ಬೇರೆ ಓಡಿಸಿದವನಲ್ಲ ನಾನು."

"ನೀನು ಸೈಕಲ್ ಓಡಿಸೋದನ್ನೂ ನೋಡಿದೀನಿ ಬಿಡು," ಎಂಬ ದನಿ ಮೆಟ್ಟಿಲ ಕಡೆಯಿಂದ ಬಂತು.

ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಸರ್ವೇಯರಮ್ಮ ಲೋಟ ಹಿಡಿದುಕೊಂಡು ನಿಧಾನವಾಗಿ ಇಳಿದು ಬಂದರು. ವಿಮೆ ಕಂಪನಿಯ ಪರವಾಗಿ ಅಪಘಾತವಾದ ವಾಹನಗಳನ್ನು ಪರೀಕ್ಷಿಸುತ್ತ ತಲೆ ಬೆಳ್ಳಗಾದವರು. ಜಜ್ಜಿದ ತಗಡನ್ನು ಸವರಿ, ಇದು ಅಪಘಾತ, ಇದು ಸುಳ್ಳು ಎಂದು ಬೇರೆ ಮಾಡುತ್ತಿದ್ದರು. ನಿವೃತ್ತಿಯಾದ ಮೇಲೂ ಊರಿನವರು ಕಳೆದ ಒಡವೆ, ಬೆಂಕಿ ಬಿದ್ದ ಅಂಗಡಿ ಎಂದು ಅವರ ಮೆಟ್ಟಿಲು ಹತ್ತುತ್ತಿದ್ದರು. ಹಾಗೆ ಹೊರಟಾಗಲೆಲ್ಲ ಮೇಸ್ತ್ರಿ ಅವರ ಚೀಲ ಹಿಡಿದು ಹಿಂದೆ ಹೋಗುತ್ತಿದ್ದ. ಇವತ್ತು ಮಾತ್ರ ಅವರ ಮುಖ ನೋಡಲು ಅವನಿಗೆ ನಾಚಿಕೆಯಾಯಿತು. ಟೀಚರಮ್ಮನ ಕಾರು ಓಡಿಸುತ್ತಿದ್ದು, ಈಗ ಕೆಲಸ ಕಳೆದುಕೊಂಡಿದ್ದ ಡ್ರೈವರ್ ಅವನ ಹೆಂಡತಿಯ ತಮ್ಮ. ಅವನನ್ನು ಬೇರೆ ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಊಟ ಬಡಿಸುತ್ತಿದ್ದಳು, ಮಾತು ಬಡಿಸುತ್ತಿರಲಿಲ್ಲ. ಪೊಲೀಸರವರೆಗೆ ಹೋದರೆ ಹುಡುಗನ ಬಾಳು ಅಲ್ಲಿಗೆ ಮುಗಿಯಿತು.

"ಇದು ಯಾವಾಗಿಂದ ಶುರುವಾಯ್ತು ಟೀಚರಮ್ಮ?" ಎಂದು ಸರ್ವೇಯರಮ್ಮ ಕೇಳಿದರು.

"ಮಳೆಗಾಲದಲ್ಲಿ. ತಂಗಿಯ ಬಾಣಂತನ ಅಂತ ಹೋಗಿದ್ನಲ್ಲ, ವಾಪಸ್ ಬಂದ ಮೇಲೆ."

"ಆಗ ಡ್ರೈವರ್?"

"ನಾನೇ ಇರಲ್ಲ ಅಂತ ಅವನಿಗೂ ರಜೆ ಕೊಟ್ಟಿದ್ದೆ. ಬಂದ ದಿನವೇ ಕಾರು ಒರೆಸ್ತಾ ನಮ್ಮನೆಯವರ ಹತ್ರ ಏನೋ ಅಧಿಕಪ್ರಸಂಗ ಮಾತಾಡಿದ್ನಂತೆ, ಅವರು ಬೈದ್ರಂತೆ. ಕೆಲವು ದಿನಕ್ಕೆ ಈ ಹಳದಿ ದೀಪ ಶುರುವಾಯ್ತು. ವೈರು ಕತ್ತರಿಸಿ ಸೇಡು ತೀರಿಸ್ಕೋತಾ ಇದಾನೆ ಅಂತ ನಮ್ಮನೆಯವರೇ ಅವನನ್ನ ಕೆಲಸದಿಂದ ಕಳಿಸಿಬಿಟ್ರು."

"ದೀಪ ಸಂಜೆ ಮಾತ್ರ ಹತ್ತುತ್ತಾ?"

ಟೀಚರಮ್ಮ ಯೋಚಿಸಿದರು. "ಸಂಜೆ. ಆಮೇಲೆ ಮಳೆ ಬರ್ತಿದ್ರೆ ಹಗಲೂ."

ಸರ್ವೇಯರಮ್ಮ ಕಾರಿನ ಮುಂದೆ ನಿಂತು ಅದರ ಮೋರೆಯನ್ನು ದಿಟ್ಟಿಸಿದರು. ಮೇಸ್ತ್ರಿಯೂ ದಿಟ್ಟಿಸಿದ. ಬಲಗಡೆಯ ದೀಪದ ಗಾಜು ಪೊರೆ ಬಂದ ಕಣ್ಣಿನಂತೆ ಮಂಜಾಗಿತ್ತು, ಎಡಗಡೆಯದು ತಿಳಿಯಾಗಿತ್ತು. ಹಳೆಯ ಗಾಡಿ ಎಂದ ಮೇಲೆ ಒಂದೊಂದು ಭಾಗ ಒಂದೊಂದು ವಯಸ್ಸಿನದು, ಅದರಲ್ಲೇನು ಎಂದುಕೊಂಡ.

"ನಾಳೆ ಬೆಳಿಗ್ಗೆವರೆಗೂ ಕಾರು ಇಲ್ಲೇ ಇರಲಿ. ಬೆಳಿಗ್ಗೆ ಇಬ್ಬರೂ ಬನ್ನಿ. ನಿಮ್ಮ ಯಜಮಾನರನ್ನೂ ಕರ್ಕೊಂಡು ಬನ್ನಿ. ಆಮೇಲೂ ಸ್ಟೇಷನ್ನಿಗೆ ಹೋಗ್ತೀನಿ ಅಂದ್ರೆ ನಾನು ತಡೆಯಲ್ಲ," ಎಂದರು ಸರ್ವೇಯರಮ್ಮ.

ಅವರು ಹೋದ ಮೇಲೆ ಮೇಸ್ತ್ರಿ ಬಾಯಿಬಿಟ್ಟ. "ಅಮ್ಮಾ, ಪ್ರತಿ ಸಲ ಬೇರೆ ಬೇರೆ ಕೋಡ್. ನಾನು ಎಲ್ಲಿ ಅಂತ ಹುಡುಕಲಿ?"

"ಒಂದೇ ಮನೇಲಿ ನಾಲ್ಕು ಜನಕ್ಕೆ ನಾಲ್ಕು ಥರ ಹೊಟ್ಟೆನೋವು ಬಂದ್ರೆ ನೀನು ನಾಲ್ಕು ಹೊಟ್ಟೆ ಕೊಯ್ತೀಯೋ, ಅವರು ಕುಡಿಯೋ ನೀರು ನೋಡ್ತೀಯೋ?"

ಮೇಸ್ತ್ರಿ ತಲೆ ಕೆರೆದುಕೊಂಡ. ಆ ಕೋಡುಗಳಿಗೆಲ್ಲ ಸಾಮಾನ್ಯವಾದದ್ದು ಏನು? ವಿದ್ಯುತ್ತು ತನ್ನ ಕೆಲಸ ಮುಗಿಸಿ ಕಾರಿನ ತಗಡಿನ ಮೂಲಕ ಬ್ಯಾಟರಿಗೆ ಮರಳುವ ಜಾಗ, ಅಂದರೆ ಅರ್ಥ್. ಆ ಕಾರಿನಲ್ಲಿ ಆ ವೈರುಗಳೆಲ್ಲ ಕೂಡಿ ಒಂದೇ ಬೋಲ್ಟಿನಲ್ಲಿ ತಗಡಿಗೆ ಕೂತಿದ್ದವು. ಎಡಗಡೆ ಹೆಡ್‌ಲೈಟಿನ ಹಿಂದೆ, ಒಳಮೈಯಲ್ಲಿ. ಅದನ್ನು ಅವನು ನೋಡಿರಲಿಲ್ಲವೆಂದಲ್ಲ. ಸ್ಪಾನರ್ ಹಾಕಿ ಅಲ್ಲಾಡಿಸಿದ್ದ, ಬಿಗಿಯಾಗಿತ್ತು, ಬಿಟ್ಟಿದ್ದ.

ಮಧ್ಯಾಹ್ನ ಸರ್ವೇಯರಮ್ಮ ಡ್ರೈವರನ್ನು ಕರೆಸಿದರು. ಬಂದವನು ಕುಳಿತುಕೊಳ್ಳಲೂ ಒಪ್ಪಲಿಲ್ಲ.

"ಅವತ್ತು ಏನು ಅಧಿಕಪ್ರಸಂಗ ಮಾತಾಡಿದೆಯಪ್ಪಾ?"

"ಎಡಗಡೆ ದೀಪ ಯಾವಾಗ ಹೊಸದು ಹಾಕಿಸಿದ್ರಿ ಸಾರ್ ಅಂದೆ. ಅಷ್ಟೇ ಅಮ್ಮಾ, ದೇವರಾಣೆ. ಅವರ ಮುಖ ಬಿಳಿಚಿಕೊಳ್ತು. ಡ್ರೈವರ್ ಡ್ರೈವರಾಗಿರು ಅಂದ್ರು." ಅವನು ಭಾವನ ಕಡೆ ತಿರುಗಿದ. "ನೀನೂ ನಂಬಿದ್ಯಲ್ಲ ಭಾವ."

ಮೇಸ್ತ್ರಿಗೆ ಕೈಯಲ್ಲಿದ್ದ ಸ್ಪಾನರ್ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಆಮೇಲೆ ಸರ್ವೇಯರಮ್ಮ ರಸ್ತೆ ದಾಟಿ ಎದುರಿನ ಇಸ್ತ್ರಿ ಅಜ್ಜನ ಕೋಣೆಗೆ ಹೊರಟರು. ಮೇಸ್ತ್ರಿಯೂ ಹಿಂದೆ ಹೋದ. ಅಜ್ಜ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ತಳ್ಳುಗಾಡಿ ಮಳೆಗಾಲದಿಂದ ಟಾರ್ಪಾಲಿನ ಕೆಳಗೇ ನಿಂತಿತ್ತು. ಒಂದು ಮಳೆಯ ಸಂಜೆ ಇಸ್ತ್ರಿ ಬಟ್ಟೆಯ ಗಂಟು ಹೊತ್ತು ಬರುತ್ತಿದ್ದವನಿಗೆ ಯಾವುದೋ ವಾಹನ ಗುದ್ದಿ ಹೋಗಿತ್ತು. ಚರಂಡಿಯ ಪಕ್ಕ ಬಹಳ ಹೊತ್ತು ಬಿದ್ದಿದ್ದ. ಬೇಗ ತಂದಿದ್ದರೆ ಕಾಲು ಉಳಿಯುತ್ತಿತ್ತು ಎಂದಿದ್ದರು ಡಾಕ್ಟರು. ಮೊಣಕಾಲಿನ ಕೆಳಗೆ ಈಗ ಬರೀ ಕಟ್ಟು.

"ಬನ್ನಿ ತಾಯಿ. ಸೀರೆ ತಂದ್ರಾ? ಮಡಿಸಿಯಾದ್ರೂ ಕೊಡ್ತೀನಿ," ಎಂದ ಅಜ್ಜ ನಗುತ್ತ.

"ಗಾಯ ಹೇಗಿದೆ?"

"ವಾಸಿ ಆಗ್ತಿದೆ. ಔಷಧಿ ಅಂಗಡಿ ಯಜಮಾನ್ರು ವಾರವಾರ ತಾವೇ ಬಂದು ತೊಳೆದು ಕಟ್ತಾರೆ. ನಮ್ಮ ಟೀಚರಮ್ಮನ ಮನೆಯವರು. ಕರುಳು ಹಂಚಿಕೊಂಡ ಮಕ್ಕಳೂ ಹೀಗೆ ಮಾಡಲ್ಲಮ್ಮ. ನಾಳೆ ಬೆಳಿಗ್ಗೆ ಬರ್ತಾರೆ."

"ಗುದ್ದಿದ ಗಾಡಿ ನೆನಪಿದೆಯಾ?"

"ಪೊಲೀಸರಿಗೆ ಹೇಳಿದ್ನಲ್ಲ. ಒಂಟಿ ದೀಪದ್ದು. ಬಿದ್ದು ಕಣ್ಣು ತೆರೆದಾಗ ಆ ಒಂದು ದೀಪ ನನ್ನ ಮುಖದ ಮೇಲೇ ಇತ್ತು. ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಹಿಂದೆ ಸರಿದು ಹೋಯ್ತು. ಮೋಟರ್‌ಬೈಕು ಅಂತ ಬರ್ಕೊಂಡ್ರು ಅವರು."

"ಮೋಟರ್‌ಬೈಕು ಹಿಂದೆ ಸರಿಯುತ್ತಾ ಅಜ್ಜ?" ಎಂದರು ಸರ್ವೇಯರಮ್ಮ ಮೆಲ್ಲಗೆ, ತಮ್ಮಷ್ಟಕ್ಕೇ ಎಂಬಂತೆ.

ಹೊರಗೆ ಬಂದು ಅವರು ಸ್ವಲ್ಪ ಹೊತ್ತು ಆ ಟಾರ್ಪಾಲಿನ ಮುಂದೆ ನಿಂತರು. ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆಯೋ ಲೆಕ್ಕಾಚಾರವೋ ಮೇಸ್ತ್ರಿಗೆ ತಿಳಿಯಲಿಲ್ಲ.

"ಕೆಲವು ಸಲ ಕೆಟ್ಟದ್ದು ಯಾವುದು ಅಂತ ಗೊತ್ತಾದ್ಮೇಲೆ ರಿಪೇರಿ ಮಾಡೋಕೆ ಕೈ ಬರಲ್ಲ ಮೇಸ್ತ್ರಿ. ಆದ್ರೆ ನಿನ್ನ ಬಾಮೈದ ಇದಾನಲ್ಲ," ಎಂದು ಮೆಟ್ಟಿಲು ಹತ್ತಿದರು.

ಮರುದಿನ ಬೆಳಿಗ್ಗೆ ಎಲ್ಲರೂ ಬಂದರು. ಟೀಚರಮ್ಮ ಬಿಗಿದ ಮುಖದಲ್ಲಿ ನಿಂತರು. ಬೀರಿನವನು ಟೈರಿನ ರಾಶಿಯ ಮೇಲೆ ಕುಳಿತ. ಡ್ರೈವರ್ ಬಾಗಿಲ ಬಳಿ, ಯಾವ ಕ್ಷಣದಲ್ಲೂ ಹೊರಡುವವನಂತೆ ನಿಂತಿದ್ದ. ಔಷಧಿ ಅಂಗಡಿಯ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಕುಳಲ್ಲಿ ಹತ್ತಿ, ಬ್ಯಾಂಡೇಜಿನ ಪೊಟ್ಟಣ ಇಟ್ಟುಕೊಂಡಿದ್ದರು.

"ಬೇಗ ಮುಗಿಸಿ. ನನಗೆ ಎದುರುಗಡೆ ಒಬ್ಬ ರೋಗಿ ಕಾಯ್ತಿದಾನೆ," ಎಂದರು.

"ಮೇಸ್ತ್ರಿ, ಸ್ಟಾರ್ಟ್ ಮಾಡು," ಎಂದರು ಸರ್ವೇಯರಮ್ಮ.

ಎಂಜಿನ್ ನಯವಾಗಿ ಓಡಿತು. ಯಾವ ದೀಪವೂ ಇಲ್ಲ.

"ಈಗ ಹೆಡ್‌ಲೈಟು, ವೈಪರು, ಫ್ಯಾನು, ಎಲ್ಲಾ ಒಟ್ಟಿಗೆ ಹಾಕು."

ಹಾಕಿದ. ಸ್ವಲ್ಪ ಹೊತ್ತಿಗೆ ಎಂಜಿನ್ ಬಿಕ್ಕಿತು. ಫಲಕದ ಮೇಲೆ ಹಳದಿ ದೀಪ ಹತ್ತಿಕೊಂಡಿತು. ಟೀಚರಮ್ಮ "ಹಾ!" ಎಂದರು.

"ಗ್ಯಾರೇಜಿನಲ್ಲಿ ಹಗಲು ಹೊತ್ತು ಯಾರೂ ಹೆಡ್‌ಲೈಟ್ ಹಾಕಿ ಪರೀಕ್ಷೆ ಮಾಡಲ್ಲ. ಅದಕ್ಕೇ ಇಲ್ಲಿ ಸರಿ ಇರೋ ಕಾರು ಸಂಜೆ, ಮಳೇಲಿ ಕೆಡುತ್ತೆ. ದೀಪ, ವೈಪರು ಹಾಕಿದಾಗ ವಾಪಸ್ ಬರೋ ವಿದ್ಯುತ್ತು ಜಾಸ್ತಿ. ಬರೋ ದಾರಿ ಇಕ್ಕಟ್ಟು. ಆಗ ಆ ದಾರಿ ಹಂಚಿಕೊಂಡ ಸೆನ್ಸರುಗಳೆಲ್ಲ ತಪ್ಪು ಲೆಕ್ಕ ಕೊಡ್ತವೆ, ಇವತ್ತು ಒಂದು, ನಾಳೆ ಇನ್ನೊಂದು. ಸೆನ್ಸರುಗಳೆಲ್ಲ ಚೆನ್ನಾಗೇ ಇದ್ವು. ವೈರನ್ನೂ ಯಾರೂ ಕತ್ತರಿಸಿಲ್ಲ. ಮೇಸ್ತ್ರಿ, ಆ ಬೋಲ್ಟ್ ಬಿಚ್ಚು."

ಎಂಜಿನ್ ಆರಿಸಿ ಮೇಸ್ತ್ರಿ ಬಗ್ಗಿ, ಎಡದೀಪದ ಹಿಂದಿನ ಬೋಲ್ಟನ್ನು ಬಿಚ್ಚಿದ. ವೈರಿನ ಬಳೆಯನ್ನು ಎತ್ತಿದ. ಅದರ ಕೆಳಗೆ ಹೊಳೆಯುವ ಬರಿಯ ತಗಡು ಇರಬೇಕಿತ್ತು. ಇದ್ದದ್ದು ಬಣ್ಣ. ಸ್ಕ್ರೂಡ್ರೈವರಿನಿಂದ ಕೆರೆದ. ಮೇಲೆ ಕಾರಿನ ಬಣ್ಣ, ಅದರ ಕೆಳಗೆ ಗಾಯದ ಹಕ್ಕಳೆಯಂಥ ಕೆಂಪು.

ಮೇಸ್ತ್ರಿಯ ಬಾಯಿಂದ ತಾನಾಗಿ ಮಾತು ಬಂತು. "ಕಾರಿಗೆ ಯಾರೂ ಈ ಕೆಂಪು ಪ್ರೈಮರ್ ಹೊಡೆಯಲ್ಲ. ನಾವು ಬೂದು ಬಣ್ಣದ್ದು ಹೊಡೀತೀವಿ. ಇದು ಗೇಟಿಗೆ, ಗ್ರಿಲ್ಲಿಗೆ…"

"ಬೀರಿಗೆ," ಎಂದರು ಸರ್ವೇಯರಮ್ಮ.

ಟೈರಿನ ರಾಶಿಯ ಮೇಲೆ ಕೂತವನು ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ.

"ನನ್ನ ಕೋಣೇಲಿರೋ ಬೀರು ನೀನೇ ಮಾಡಿದ್ದಪ್ಪ. ನಿನ್ನೆ ಅದರ ಹಿಡಿಕೆ ಬಿಚ್ಚಿ ನೋಡಿದೆ. ಸ್ಕ್ರೂ ಕೆಳಗೂ, ಯಾರ ಕಣ್ಣಿಗೂ ಬೀಳದ ಜಾಗದಲ್ಲೂ ಬಣ್ಣ. ಬರೀ ತಗಡು ಕಂಡ್ರೆ ನಿನಗೆ ನಿದ್ದೆ ಬರಲ್ಲ, ತುಕ್ಕು ಹಿಡಿಯುತ್ತೆ ಅಂತ. ಕಾರಿನ ಕೆಲಸದವರು ಆ ಜಾಗ ಕೆರೆದು ಬೆಳ್ಳಗೆ ಬಿಡ್ತಾರೆ. ಕಳ್ಳನಾಗಿದ್ರೆ ಅಡ್ಡಾದಿಡ್ಡಿ ಮಾಡಿ ಬಿಡ್ತಿದ್ದ. ನೀನು ಅಚ್ಚುಕಟ್ಟಾಗಿ ಮಾಡಿದೆ. ಅದಕ್ಕೇ ಸಿಕ್ಕಿಬಿದ್ದೆ."

"ನೀನಾ?" ಎಂದರು ಟೀಚರಮ್ಮ. "ಯಾಕೆ? ನನ್ನ ಕಾರಿಗೆ ನೀನು ಯಾಕೆ ಕೈ ಹಾಕಿದೆ?"

"ಕಾರಿನ ಎಡಮೂತಿ ಜಜ್ಜಿ ಹೋಗಿತ್ತು ಟೀಚರಮ್ಮ, ಅದಕ್ಕೆ. ತಗಡು ನೆಟ್ಟಗೆ ಬಡಿದು ಬಣ್ಣ ಹೊಡೆದಿದಾನೆ. ದೀಪ ಒಡೆದಿತ್ತು, ಬೇರೆ ಹಾಕಿದಾನೆ. ನಿಮ್ಮ ಡ್ರೈವರ್ ಕೇಳಿದ್ದು ಅದನ್ನೇ. ಅದೇ ಅಧಿಕಪ್ರಸಂಗ. ಅಷ್ಟಕ್ಕೆ ಅವನ ಅನ್ನ ಹೋಯ್ತು."

"ಗುದ್ದಿದ್ದು…"

"ಗುದ್ದಿದ್ದು ಇವನಲ್ಲ. ಕಾರು ಓಡಿಸೋಕೆ ಬರಲ್ಲ ಅಂತ ನಿನ್ನೆ ನಿಮ್ಮೆದುರೇ ಕೀಲಿ ಮುಟ್ಟಲಿಲ್ಲ. ಡ್ರೈವರ್ ರಜೇಲಿದ್ದ. ನೀವು ತಂಗಿ ಮನೇಲಿದ್ರಿ." ಸರ್ವೇಯರಮ್ಮ ತಿರುಗಿ ನೋಡಲಿಲ್ಲ. ಕೆಂಪು ಚುಕ್ಕೆಯನ್ನೇ ನೋಡುತ್ತ ಹೇಳಿದರು. "ಮಳೆಯ ಸಂಜೆ, ಒಂದು ದೀಪ ಒಡೆದ ಕಾರು. ಅದರ ಇನ್ನೊಂದು ದೀಪ ಬಿದ್ದವನ ಮುಖದ ಮೇಲೇ ಇತ್ತು. ಒಳಗೆ ಕೂತವರು ಯಾರು ಬಿದ್ದಿದಾರೆ ಅಂತ ನೋಡಿದ್ರು. ನೋಡಿ, ಕಾರು ಹಿಂದೆ ತಗೊಂಡು, ತಮ್ಮನ ಶೆಡ್ಡಿಗೆ ಹೋದ್ರು."

ಬೀರಿನವನು ಅಳುವ ದನಿಯಲ್ಲಿ ಬಾಯಿಬಿಟ್ಟ. "ಅಣ್ಣ ಮರಕ್ಕೆ ಗುದ್ದಿದೆ ಅಂದ. ಒಡೆದ ದೀಪದ ಸಂದೀಲಿ ಬಿಳೀ ಬಟ್ಟೆಯ ಚೂರು ಸಿಕ್ತು ಅತ್ತಿಗೆ. ಇಸ್ತ್ರಿ ಮಾಡಿದ್ದು. ನಾನು ಕೇಳಲಿಲ್ಲ. ಕೇಳಿದ್ರೆ ಹೇಳಿಬಿಡ್ತಾನೆ ಅಂತ ಕೇಳಲಿಲ್ಲ."

ಟೀಚರಮ್ಮ ಗಂಡನ ಮುಖ ನೋಡಿದರು. "ಹೌದಾ?"

ಯಜಮಾನರು ಪೊಟ್ಟಣವನ್ನು ಎದೆಗೆ ಒತ್ತಿ ಹಿಡಿದಿದ್ದರು. "ಸತ್ತೇ ಹೋದ ಅಂದ್ಕೊಂಡೆ ಕಣೇ. ಅಂಗಡಿ, ಮನೆ, ನಿನ್ನ ಮರ್ಯಾದೆ… ಎಲ್ಲಾ ಒಂದೇ ಸಲ ಕಣ್ಣ ಮುಂದೆ ಬಂತು. ಬದುಕಿದಾನೆ ಅಂತ ಗೊತ್ತಾದ್ಮೇಲೆ ಒಂದು ವಾರನೂ ತಪ್ಪಿಸಿಲ್ಲ. ಕೀವು ತೊಳೆದಿದೀನಿ ಇದೇ ಕೈಯಿಂದ. ಅದು ಏನೂ ಅಲ್ವಾ?"

"ಈ ಹುಡುಗನ ಅನ್ನ ಕಿತ್ಕೊಂಡಿದ್ದೂ ಅದೇ ಕೈ ಅಲ್ವಾ?" ಎಂದರು ಟೀಚರಮ್ಮ.

ಆಗ ಬಾಗಿಲ ಬಳಿ ಊರುಗೋಲಿನ ಸದ್ದಾಯಿತು. ಡ್ರೈವರ್ ಪಕ್ಕಕ್ಕೆ ಸರಿದ. ಅಲ್ಲಿ ಇಸ್ತ್ರಿ ಅಜ್ಜ ನಿಂತಿದ್ದ. ಯಜಮಾನರು ಗ್ಯಾರೇಜಿಗೆ ಬಂದದ್ದನ್ನು ಕಿಟಕಿಯಿಂದ ಕಂಡು, ಅವರಿಗೆ ರಸ್ತೆ ದಾಟುವ ಶ್ರಮ ಯಾಕೆಂದು ತಾನೇ ದಾಟಿ ಬಂದಿದ್ದ. ಯಾವಾಗಿಂದ ನಿಂತಿದ್ದನೋ ಯಾರೂ ನೋಡಿರಲಿಲ್ಲ. ಎಲ್ಲವೂ ಅವನ ಕಿವಿಗೆ ಬಿದ್ದಿತ್ತೆಂದು ಮುಖವೇ ಹೇಳುತ್ತಿತ್ತು.

ಯಜಮಾನರು ಪೊಟ್ಟಣವನ್ನು ಕಾರಿನ ನೆತ್ತಿಯ ಮೇಲೆ ಇಟ್ಟರು.

ಟೀಚರಮ್ಮ ಕೀಲಿಗಾಗಿ ಮೇಸ್ತ್ರಿಯ ಕಡೆ ಕೈ ಚಾಚಿದರು. "ಅದನ್ನ ಕೆರೆದು ವೈರು ಕೂರಿಸಿ ಮೇಸ್ತ್ರಿ. ಬೆಳಿಗ್ಗೆ ಸ್ಟೇಷನ್ನಿಗೆ ಹೋಗ್ತೀನಿ ಅಂದಿದ್ದೆ. ಹೋಗೋಳೇ."

ಮೇಸ್ತ್ರಿ ಉಪ್ಪುಕಾಗದ ತಂದು, ಮೇಲಿನ ಬಣ್ಣ, ಕೆಳಗಿನ ಕೆಂಪು, ಎಲ್ಲವನ್ನೂ ತಿಕ್ಕಿ ತೆಗೆದ. ಬರಿಯ ತಗಡು ಬೆಳ್ಳಗೆ ಹೊಳೆಯಿತು. ವೈರು ಕೂರಿಸಿ ಬೋಲ್ಟ್ ಬಿಗಿದ. ಟೀಚರಮ್ಮ ಡ್ರೈವರಿನತ್ತ ತಿರುಗಿ ಕೀಲಿ ಚಾಚಿದರು. "ನೀನು ಓಡಿಸ್ತೀಯಾ?"

"ಬೇಡಮ್ಮ," ಎಂದ ಡ್ರೈವರ್. "ಆ ಕಾರು ನಿಮ್ಮದು."

ಅವರೇ ಕೂತರು. ಗಂಡ ಪಕ್ಕದಲ್ಲಿ ಕೂತರು, ಬೀರಿನವನು ಹಿಂದೆ. ಹೊರಗೆ ಮೋಡ ಕವಿದಿತ್ತು. ಟೀಚರಮ್ಮ ಹೆಡ್‌ಲೈಟ್ ಹಾಕಿದರು. ಮೇಸ್ತ್ರಿ ಅಭ್ಯಾಸಬಲದಿಂದ ಫಲಕದ ಕಡೆ ಬಗ್ಗಿ ನೋಡಿದ. ಒಂದು ದೀಪವೂ ಹತ್ತಿರಲಿಲ್ಲ. ಅಷ್ಟು ದಿನ ಅವನು ಕಾದಿದ್ದು ಅದಕ್ಕೇ. ಈಗ ಅದನ್ನು ಕಂಡು ಅವನ ನಾಲಿಗೆ ಕಹಿಯಾಯಿತು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಡ್ರೈವರ್ ಭಾವನತ್ತ ತಿರುಗಿಯೂ ನೋಡದೆ ಹೊರಟು ಹೋದ. ಅಜ್ಜನನ್ನು ಮೇಸ್ತ್ರಿ ಒಂದು ಹಳೆಯ ಕಾರ್ ಸೀಟಿನ ಮೇಲೆ ಕೂರಿಸಿದ. ಸರ್ವೇಯರಮ್ಮ ಪಕ್ಕದಲ್ಲಿ ನೆಲದ ಮೇಲೇ ಕುಳಿತರು. ಅಜ್ಜ ಬಾಯಿಬಿಟ್ಟ.

"ದಿನಾ ಮಲಗೋ ಮುಂಚೆ ದೇವರ ಹತ್ರ ಎರಡು ಕೇಳ್ತಿದ್ದೆ ತಾಯಿ. ನನ್ನ ಬೀದೀಲಿ ಬಿಟ್ಟು ಹೋದವನ ಕೈ ಕಾಲು ಬಿದ್ದು ಹೋಗ್ಲಿ ಅಂತ ಒಂದು. ನನ್ನ ಗಾಯ ತೊಳೆಯೋ ಕೈ ತಂಪಾಗಿರಲಿ ಅಂತ ಇನ್ನೊಂದು. ಎರಡೂ ಒಂದೇ ಕೈ ಅಂತ ಅವನಿಗೆ ಗೊತ್ತಿತ್ತಲ್ಲಮ್ಮ, ಮೇಲಿರೋನಿಗೆ. ಕೇಳಿಸ್ಕೊಂಡು ಸುಮ್ಮನಿದ್ನಲ್ಲ. ಈಗ ನಾನು ಯಾವುದನ್ನ ವಾಪಸ್ ತಗೊಳ್ಳಲಿ?"

ಸರ್ವೇಯರಮ್ಮ ಅಜ್ಜನ ಮಂಡಿಯ ಮೇಲೆ ಕೈ ಇಟ್ಟು ಕುಳಿತೇ ಇದ್ದರು.

ಹತ್ತಿ, ಬ್ಯಾಂಡೇಜಿನ ಪೊಟ್ಟಣವನ್ನು ಯಜಮಾನರು ಕಾರಿನ ನೆತ್ತಿಯ ಮೇಲೆ ಇಟ್ಟಿದ್ದರು. ಕಾರು ಹೊರಟಾಗ ಅದು ಜಾರಿ ನೆಲಕ್ಕೆ ಬಿದ್ದಿತ್ತು. ಅವತ್ತು ಕಟ್ಟು ಬದಲಾಯಿಸುವ ದಿನ. ಮೇಸ್ತ್ರಿ ಪೊಟ್ಟಣ ಎತ್ತಿ ದೂಳು ಕೊಡವಿದ. ನಲ್ಲಿಯ ಬಳಿ ಹೋಗಿ ಸೋಪು ಹಚ್ಚಿ ಕೈ ತೊಳೆಯತೊಡಗಿದ. ಗ್ರೀಸಿನ ಕಪ್ಪು ಹೋಗಲಿಲ್ಲ. ಉಗುರಿನ ಸಂದಿಗೆ ಸೇರಿದ್ದ ಕೆಂಪು ಪುಡಿಯೂ ಹೋಗಲಿಲ್ಲ. ಅವನು ಮತ್ತೆ ಸೋಪು ಹಚ್ಚಿ ತಿಕ್ಕುತ್ತಲೇ ಇದ್ದ.